ಸಾಣಿಗೆಯ ಮೇಲೆ ಉಳಿದುಹೋದ ದೈತ್ಯ ವೈರಸ್‌ಗಳು

"ಸರ, ನಮ್ಮ ಹುಡುಗಿಗೆ ಫಾರಿನ್‌ನಾಗ ಪೋಸ್ಟ್‌ಡಾಕ್ ಸಿಕ್ಕೈತ್ರಿ. ಸಮುದ್ರದಾಗಿನ ದೊಡ್ಡ ವೈರಸ್ ಮ್ಯಾಲ ಕೆಲಸ ಅಂತ. ಆಕಿಗೆ ಏನೂ ಆಗೂದಿಲ್ಲ ಅಲ್ರೀ?"

ಧಾರವಾಡದಲ್ಲಿ ಇಂಥ ಪ್ರಶ್ನೆ ಯಾರಾದರೂ ಕೇಳಿದರೆ ಆಶ್ಚರ್ಯಪಡಬೇಕಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿ, ಎಲ್ಲ ಇರುವ ಊರು. ಪಿಎಚ್‌ಡಿ ಅಂದರೆ ಏನು ಅಂತ ಓಣಿಯಲ್ಲಿ ಯಾರಿಗಾದರೂ ಗೊತ್ತು. ಅದರ ಮುಂದೆ ಪೋಸ್ಟ್‌ಡಾಕ್ ಅಂತ ಒಂದಿದೆ ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಅದರ ಜೊತೆಗೆ ವೈರಸ್ ಎಂಬ ಮಾತು ಬಂತೆಂದರೆ, ಕೊರೊನಾ ಕಂಡ ಮನೆಯವರಿಗೆ ಎದೆ ಧಸಕ್ಕೆನ್ನುವುದು ಸಹಜ, ಅಲ್ವಾ?

ಹೆದರಿಕೆಯ ವಿಷಯ ಮೊದಲು ಮುಗಿಸಿಬಿಡೋಣ. ಈ ವೈರಸ್‌ಗಳು ಹಿಡಿಯುವುದು ಒಂದೇ ಕೋಶದ ಜೀವಿಗಳನ್ನು. ಅಮೀಬಾ, ಸಮುದ್ರದ ಸೂಕ್ಷ್ಮ ಪಾಚಿ, ಬ್ಯಾಕ್ಟೀರಿಯಾ ತಿಂದು ಬದುಕುವ ಇನ್ನಿತರ ಪುಟ್ಟ ಜೀವಿಗಳು, ಇಂಥವನ್ನು. ಇವು ಮನುಷ್ಯರಿಗೆ ರೋಗ ತರುತ್ತವೆ ಎಂದು ಯಾರೂ ಗಟ್ಟಿಯಾಗಿ ತೋರಿಸಿಲ್ಲ. ನ್ಯುಮೋನಿಯಾ ರೋಗಿಗಳಲ್ಲಿ ಹುಡುಕಿ ನೋಡಿದ್ದಾರೆ, ನಂಟು ಸಾಬೀತಾಗಿಲ್ಲ. ಕಾರವಾರದ ಬೀಚಿನಲ್ಲಿ ಅಲೆ ಬಡಿದು ಒಂದು ಗುಟುಕು ನೀರು ಬಾಯಿಗೆ ಹೋದರೆ ಅದರಲ್ಲಿ ಕೋಟಿಗಟ್ಟಲೆ ವೈರಸ್ ಇರುತ್ತವೆ. ನಮಗೆ ತೊಂದರೆ ಕೊಡುವುದು ಅದರಲ್ಲಿನ ಉಪ್ಪು ಮಾತ್ರ.

ಆದರೆ ಇವುಗಳ ದೂರದ ನೆಂಟರ ಪರಿಚಯ ನಮ್ಮ ಭಾಗದ ರೈತರಿಗೆ ಚೆನ್ನಾಗಿಯೇ ಇದೆ. 2022ರಲ್ಲಿ ಹಾವೇರಿ, ಗದಗ, ಧಾರವಾಡ ಕಡೆ ದನಗಳ ಮೈತುಂಬ ಗಂಟು ಎದ್ದವು. ದನದ ಸಂತೆಗಳು ನಿಂತವು. ಆ ಚರ್ಮಗಂಟು ರೋಗದ ವೈರಸ್ ಸಿಡುಬಿನ ವೈರಸ್‌ನ ಕುಲದ್ದು. ಆ ಕುಲವನ್ನೂ, ಆಫ್ರಿಕನ್ ಹಂದಿ ಜ್ವರದ ವೈರಸ್ಸನ್ನೂ, ಸಮುದ್ರದ ದೈತ್ಯ ವೈರಸ್‌ಗಳನ್ನೂ ವಿಜ್ಞಾನಿಗಳು ನ್ಯೂಕ್ಲಿಯೊಸೈಟೊವಿರಿಕೋಟಾ ಎಂಬ ಒಂದೇ ದೊಡ್ಡ ಗುಂಪಿಗೆ ಸೇರಿಸಿದ್ದಾರೆ. ಹೆಸರು ಬಾಯಲ್ಲಿ ತಿರುಗುವುದಿಲ್ಲ, ನೆನಪಿಡಬೇಕೆಂದೂ ಇಲ್ಲ. ದನದ ಮೈಯಲ್ಲಿ ಗಂಟು ಎಬ್ಬಿಸುವ ವೈರಸ್ಸಿಗೂ ಅಟ್ಲಾಂಟಿಕ್ ಸಾಗರದ ಪಾಚಿ ಕೊಲ್ಲುವ ವೈರಸ್ಸಿಗೂ ಮೂಲದಲ್ಲಿ ಒಂದೇ ಮನೆತನ ಎನ್ನುವುದು ಮಾತ್ರ ಗೊತ್ತಿದ್ದರೆ ಸಾಕು.

ಎಷ್ಟು ದೊಡ್ಡವು ಇವು? ಗಾತ್ರಕ್ಕಿಂತ ಜೀನೋಮ್, ಅಂದರೆ ಡಿಎನ್‌ಎ ಅಥವಾ ಆರ್‌ಎನ್‌ಎಯಲ್ಲಿ ಬರೆದಿಟ್ಟ ಇಡೀ ಆನುವಂಶಿಕ ಬರಹ, ಎಷ್ಟು ಉದ್ದ ಎಂದು ನೋಡಿದರೆ ಬೇಗ ಅರ್ಥವಾಗುತ್ತದೆ. ಎಚ್‌ಐವಿಯ ಇಡೀ ಜೀನೋಮ್ ಸುಮಾರು 9,700 ಅಕ್ಷರ. ಕೋವಿಡ್ ತಂದ ಕೊರೊನಾ ವೈರಸ್‌ನದು ಸುಮಾರು 30 ಸಾವಿರ. ಚರ್ಮಗಂಟು ರೋಗದ ವೈರಸ್‌ನದು ಒಂದೂವರೆ ಲಕ್ಷ. ಅಲ್ಲಿಂದ ಮುಂದೆ ಲೆಕ್ಕ ಜಿಗಿಯುತ್ತದೆ. ಮಿಮಿವೈರಸ್ ಎಂಬುದರಲ್ಲಿ ಸುಮಾರು 11.8 ಲಕ್ಷ ಅಕ್ಷರ, 900ಕ್ಕೂ ಮಿಕ್ಕಿ ಜೀನ್. ಪಂಡೋರಾವೈರಸ್‌ನದು ಸುಮಾರು 25 ಲಕ್ಷ. ತಾನೇ ತಿಂದುಂಡು, ತಾನೇ ಎರಡಾಗಬಲ್ಲ ಮೈಕೊಪ್ಲಾಸ್ಮಾ ಜೆನಿಟಾಲಿಯಂ ಎಂಬ ಬ್ಯಾಕ್ಟೀರಿಯಾದ ಜೀನೋಮ್ ಬರೀ 5.8 ಲಕ್ಷ. ಬದುಕಿಲ್ಲ ಎನ್ನಿಸಿಕೊಂಡ ವೈರಸ್ ಬಳಿ ಬದುಕಿರುವ ಬ್ಯಾಕ್ಟೀರಿಯಾಕ್ಕಿಂತ ಜಾಸ್ತಿ ಜೀನ್ ಇವೆ. ಪಠ್ಯಪುಸ್ತಕದಲ್ಲಿ ನಾವು ಓದಿದ ವೈರಸ್ ಇದಲ್ಲ.

ಇಷ್ಟು ದೊಡ್ಡದು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವೇ? ಬಿದ್ದಿತ್ತು. ವೈರಸ್ ಅಂತ ಯಾರೂ ಗುರುತಿಸಲಿಲ್ಲ. ಅದರ ಕಾರಣ ತಿಳಿಯಬೇಕಾದರೆ ವೈರಸ್ ಎಂಬ ವಿಚಾರವೇ ಹೇಗೆ ಹುಟ್ಟಿತು ಎಂದು ನೋಡಬೇಕು.

1884ರಲ್ಲಿ, ಪಾಶ್ಚರ್ ಅವರ ಪ್ರಯೋಗಾಲಯದಲ್ಲಿದ್ದ ಚಾರ್ಲ್ಸ್ ಚೇಂಬರ್‌ಲ್ಯಾಂಡ್ ಪಿಂಗಾಣಿಯ ಒಂದು ಸೋಸುಕ ಮಾಡಿದರು. ಅದರ ರಂಧ್ರ ಎಷ್ಟು ಸಣ್ಣದೆಂದರೆ ಬ್ಯಾಕ್ಟೀರಿಯಾ ಕೂಡ ದಾಟುತ್ತಿರಲಿಲ್ಲ. 1892ರಲ್ಲಿ ರಷ್ಯಾದ ದ್ಮಿತ್ರಿ ಇವಾನೋವ್‌ಸ್ಕಿ, ರೋಗ ಹಿಡಿದ ತಂಬಾಕು ಎಲೆಯ ರಸವನ್ನು ಅದರಲ್ಲಿ ಸೋಸಿದರು. ಕೆಳಗೆ ಇಳಿದ ರಸ ಹಚ್ಚಿದರೂ ಗಿಡಕ್ಕೆ ರೋಗ ಬಂತು. 1898ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾರ್ಟಿನಸ್ ಬೈಯರಿಂಕ್ ಅದೇ ಪ್ರಯೋಗ ಇನ್ನಷ್ಟು ಮುಂದೆ ತೆಗೆದುಕೊಂಡು ಹೋಗಿ, ಇದು ಬೇರೆಯೇ ಬಗೆಯ ರೋಗಕಾರಕ ಎಂದರು. ಅಂದಿನಿಂದ ವೈರಸ್ ಅಂದರೆ ಸೋಸುಕ ದಾಟಿ ಬರುವಂಥದ್ದು ಎಂಬ ಲೆಕ್ಕ ಕೂತುಬಿಟ್ಟಿತು. ನಂತರದ ಪ್ರಯೋಗಾಲಯಗಳಲ್ಲಿ ಈ ಗೆರೆ 0.2 ಮೈಕ್ರೋಮೀಟರ್ ಎಂದಾಯಿತು. ಒಂದು ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಸಮುದ್ರದ ನೀರನ್ನೂ ಹೀಗೆಯೇ ಸೋಸಿದರು. ದಾಟಿದ್ದು ವೈರಸ್, ಉಳಿದದ್ದು ಬ್ಯಾಕ್ಟೀರಿಯಾ ಮತ್ತದಕ್ಕಿಂತ ದೊಡ್ಡವು. ಜೋಳದ ಹಿಟ್ಟು ಸಾಣಿಸುವವರು ಕೆಳಗೆ ಬಿದ್ದ ಹಿಟ್ಟಿನ ಕಡೆ ನೋಡುತ್ತಾರೆಯೇ ಹೊರತು ಸಾಣಿಗೆಯಲ್ಲಿ ಉಳಿದ ತೌಡನ್ನು ಕೆದಕುವುದಿಲ್ಲ. ವೈರಸ್ ಹುಡುಕುವವರೂ ಅದನ್ನೇ ಮಾಡಿದರು. ಸುಮಾರು ನೂರು ವರ್ಷ ದೈತ್ಯ ವೈರಸ್‌ಗಳು ಸಾಣಿಗೆಯ ಮೇಲೇ ಉಳಿದವು. ಅಲ್ಲಿ ಉಳಿದದ್ದನ್ನು ನೋಡುವವರು ಬ್ಯಾಕ್ಟೀರಿಯಾ ತಜ್ಞರು. ಅವರಿಗೆ ಅದು ಇನ್ನೊಂದು ಬ್ಯಾಕ್ಟೀರಿಯಾ.

ಹಾಗೆಯೇ ಆಯಿತು. 1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನ್ಯುಮೋನಿಯಾ ಹಬ್ಬಿತು. ಕಾರಣ ಹುಡುಕುತ್ತಾ ಟಿಮೊಥಿ ರೌಬಾಟಮ್ ಎಂಬ ಸೂಕ್ಷ್ಮಜೀವಿ ತಜ್ಞರು ಒಂದು ಕೂಲಿಂಗ್ ಟವರಿನ ನೀರು ತಂದು ನೋಡಿದರು. ಅದರಲ್ಲಿನ ಅಮೀಬಾದ ಹೊಟ್ಟೆಯಲ್ಲಿ ದುಂಡನೆಯ ಕಣಗಳು. ಸಾದಾ ಸೂಕ್ಷ್ಮದರ್ಶಕದಲ್ಲೇ ಕಾಣುತ್ತಿದ್ದವು. ಬ್ಯಾಕ್ಟೀರಿಯಾ ಪರೀಕ್ಷಿಸುವ ಗ್ರಾಂ ಬಣ್ಣವನ್ನೂ ಹಿಡಿದುಕೊಂಡವು. ಬ್ರಾಡ್‌ಫರ್ಡ್‌ಕಾಕಸ್ ಎಂದು ಬ್ಯಾಕ್ಟೀರಿಯಾದ ಹೆಸರೂ ಇಟ್ಟಾಯಿತು. ಆದರೆ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರಲೇಬೇಕಾದ, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್‌ನ ಜೀನ್ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಮಾದರಿ ಫ್ರೀಜರ್ ಸೇರಿತು, ಮುಂದೆ ಫ್ರಾನ್ಸಿನ ಮಾರ್ಸೇಗೆ ಹೋಯಿತು. ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಇಪ್ಪತ್ತು ಮುಖಗಳ ಪಕ್ಕಾ ವೈರಸ್ ಆಕಾರ ಕಂಡಿತು. ಹೊರಗಿನ ಕೂದಲಿನಂಥ ಎಳೆಗಳನ್ನು ಬಿಟ್ಟರೂ ಅದರ ಚಿಪ್ಪು ಸುಮಾರು 0.5 ಮೈಕ್ರೋಮೀಟರ್. 2003ರಲ್ಲಿ ಅದು ಮಿಮಿವೈರಸ್ ಎಂಬ ಹೆಸರಿನಲ್ಲಿ ಜಗತ್ತಿಗೆ ಗೊತ್ತಾಯಿತು.

ಆಮೇಲೆ ಸಾಲುಸಾಲಾಗಿ ಬಂದವು. 2013ರಲ್ಲಿ ಚಿಲಿ ದೇಶದ ಕರಾವಳಿಯ ಕೆಸರಿನಲ್ಲಿ ಒಂದು ಪಂಡೋರಾವೈರಸ್, ಮೆಲ್ಬರ್ನ್ ಹತ್ತಿರದ ಒಂದು ಹೊಂಡದಲ್ಲಿ ಇನ್ನೊಂದು. 2014ರಲ್ಲಿ ಸೈಬೀರಿಯಾದ 30 ಸಾವಿರ ವರ್ಷ ಹಳೆಯ ಹಿಮದ ಮಣ್ಣಿನಿಂದ ಒಂದೂವರೆ ಮೈಕ್ರೋಮೀಟರ್ ಉದ್ದದ ಪಿಥೋವೈರಸ್. ಅದು ಈಗಲೂ ಅಮೀಬಾಕ್ಕೆ ಸೋಂಕು ತರಬಲ್ಲದು ಎಂದು ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ನನಗೆ ಆ ಸುದ್ದಿ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ನಿಜವಾದ ಕಥೆ ಇರುವುದು ಸಮುದ್ರದಲ್ಲಿ, ಈಗ, ದಿನಾ ನಡೆಯುತ್ತಿರುವುದರಲ್ಲಿ.

ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಲ್ಲಿ ಒಂದು ಮಿಲಿಲೀಟರ್ ಸಮುದ್ರದ ನೀರು ತೆಗೆದುಕೊಳ್ಳಿ. ಇಂಥ ಮೇಲ್ಪದರದ ನೀರಿನಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾ, ಒಂದು ಕೋಟಿಯಷ್ಟು ವೈರಸ್ ಇರುತ್ತವೆ. ನೀರಿನಲ್ಲಿ ಇಷ್ಟು ವೈರಸ್ ಇವೆ ಎಂದು ಗೊತ್ತಾದದ್ದೇ 1989ರಲ್ಲಿ. ಆ ಕೋಟಿಯಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಹಿಡಿಯುವ ಸಣ್ಣ ವೈರಸ್‌ಗಳು. ದೈತ್ಯರ ಸಂಖ್ಯೆ ಅದರಲ್ಲಿ ತೀರಾ ಕಡಿಮೆ. ಹಾಗಿದ್ದರೆ ತಲೆ ಕೆಡಿಸಿಕೊಳ್ಳುವುದು ಯಾಕೆ? ಯಾಕೆಂದರೆ ಅವು ಹಿಡಿಯುವ ಜೀವಿಗಳು ದೊಡ್ಡವು, ನಮ್ಮ ಹಾಗೆ ಕೋಶಕೇಂದ್ರ ಇರುವಂಥವು. ಅವುಗಳಲ್ಲಿ ಸೂಕ್ಷ್ಮ ಪಾಚಿಗಳೂ ಇವೆ. ಭೂಮಿಯ ಮೇಲೆ ಬಿಸಿಲು ಬಳಸಿ ಆಹಾರ ತಯಾರಾಗುವ ಕೆಲಸದಲ್ಲಿ ಸುಮಾರು ಅರ್ಧ ಸಮುದ್ರದಲ್ಲೇ ಆಗುತ್ತದೆ. ಅದರಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಈ ಪಾಚಿಗಳದ್ದು. ಅವುಗಳಲ್ಲಿ ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಎನ್ನುವುದರ ಮೇಲೆ ಮೀನಿನ ಲೆಕ್ಕವೂ ಗಾಳಿಯ ಇಂಗಾಲದ ಲೆಕ್ಕವೂ ನಿಂತಿದೆ.

ಒಂದು ಉದಾಹರಣೆ ಸ್ವಲ್ಪ ವಿವರವಾಗಿ ನೋಡೋಣ. ಎಮಿಲಿಯಾನಿಯಾ ಹಕ್ಸ್‌ಲಿ ಎಂಬ ಪಾಚಿ ಇದೆ. ಒಂದೇ ಕೋಶ, ಸುಮಾರು 5 ಮೈಕ್ರೋಮೀಟರ್ ಅಗಲ. ಮೈಮೇಲೆ ಸುಣ್ಣದ ಪುಟ್ಟ ಬಿಲ್ಲೆಗಳನ್ನು ಹೊದ್ದುಕೊಂಡಿರುತ್ತದೆ. ತಂಪು ಸಮುದ್ರಗಳಲ್ಲಿ ಇದು ಒಮ್ಮೆಲೆ ಬೆಳೆಯಲು ಶುರುಮಾಡಿದರೆ ಸಾವಿರಾರು ಚದರ ಕಿಲೋಮೀಟರ್ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗುತ್ತದೆ, ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ. ಆಮೇಲೆ ಕೆಲವೇ ವಾರಗಳಲ್ಲಿ ಎಲ್ಲ ಮಾಯ. ತಿನ್ನುವವರೂ ತಿನ್ನುತ್ತಾರೆ, ಗೊಬ್ಬರದ ಅಂಶವೂ ಮುಗಿಯುತ್ತದೆ. ಆದರೆ ಅಷ್ಟು ಬೇಗ ಖಾಲಿಯಾಗಲು ಅದೊಂದೇ ಕಾರಣ ಸಾಲದು. ಕೊಲ್ಲುತ್ತಿದ್ದದ್ದು ವೈರಸ್. 1999ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಸಾಯುತ್ತಿದ್ದ ಇಂಥ ಒಂದು ರಾಶಿಯಿಂದ ಅದನ್ನು ಬೇರ್ಪಡಿಸಿದರು. 2005ರಲ್ಲಿ ಅದರ ಜೀನೋಮ್ ಓದಿದರು. ಸುಮಾರು 4.07 ಲಕ್ಷ ಅಕ್ಷರ.

ಆ ಜೀನೋಮ್‌ನಲ್ಲಿ ಯಾರೂ ನಿರೀಕ್ಷಿಸದ ಒಂದು ವಿಷಯ ಇತ್ತು. ಸ್ಫಿಂಗೋಲಿಪಿಡ್ ಎಂಬ ಬಗೆಯ ಕೊಬ್ಬನ್ನು ತಯಾರಿಸುವ ಜೀನ್‌ಗಳು ಅದರಲ್ಲಿದ್ದವು, ಒಂದೆರಡಲ್ಲ, ಹೆಚ್ಚುಕಡಿಮೆ ಇಡೀ ಸರಣಿ. ಈ ಕೊಬ್ಬಿಗೂ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವ ವ್ಯವಸ್ಥೆಗೂ ಸಂಬಂಧವಿದೆ. ವೈರಸ್ ಒಳಗೆ ಹೋಗಿ ತನ್ನದೇ ಬಗೆಯ ಕೊಬ್ಬು ಮಾಡಿಸುತ್ತದೆ, ಅದರಿಂದ ಪಾಚಿಯ ಸಾವಿನ ಯಂತ್ರ ಚಾಲೂ ಆಗುತ್ತದೆ. ಹಾಗಾದರೆ ಪಾಚಿ ಸುಮ್ನೆ ಸಾಯುತ್ತದೆಯೇ? ಇಲ್ಲ. ಅದಕ್ಕೂ ಒಂದು ದಾರಿ ಇದೆ. ಪ್ರತಿ ಕ್ರೋಮೋಸೋಮ್‌ನ ಎರಡು ಪ್ರತಿಯ ಬದಲು ಒಂದೇ ಪ್ರತಿ ಇರುವ, ಸುಣ್ಣದ ಬಿಲ್ಲೆ ಇಲ್ಲದ ಇನ್ನೊಂದು ರೂಪವನ್ನು ಅದು ತಾಳಬಲ್ಲದು. ಆ ರೂಪಕ್ಕೆ ಈ ವೈರಸ್ ಅಂಟುವುದಿಲ್ಲ ಎಂದು 2008ರಲ್ಲಿ ತೋರಿಸಿದರು.

ಸತ್ತ ಪಾಚಿ ಏನಾಗುತ್ತದೆ ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಸಾಮಾನ್ಯವಾಗಿ ಪಾಚಿಯನ್ನು ಪುಟ್ಟ ಪ್ರಾಣಿ ತಿನ್ನುತ್ತದೆ, ಅದನ್ನು ಮೀನು ತಿನ್ನುತ್ತದೆ. ವೈರಸ್ ಕೋಶ ಒಡೆದರೆ ಅದರ ಸತ್ವವೆಲ್ಲ ನೀರಿನಲ್ಲೇ ಕರಗಿ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಮೀನಿನವರೆಗೆ ಬರುವುದೇ ಇಲ್ಲ. 1999ರಲ್ಲಿ ಸ್ಟೀವನ್ ವಿಲ್ಹೆಲ್ಮ್ ಮತ್ತು ಕರ್ಟಿಸ್ ಸಟಲ್ ಈ ಅಡ್ಡದಾರಿಯನ್ನು ವೈರಲ್ ಷಂಟ್ ಎಂದು ಕರೆದರು. ಇಂಗಾಲ ಮೇಲೆಯೇ ಉಳಿದು ಮತ್ತೆ ಗಾಳಿಗೆ ಹೋಗುತ್ತದೆ ಎನ್ನುವುದು ಇದರ ಒಂದು ಅರ್ಥ. ಆದರೆ ಉತ್ತರ ಅಟ್ಲಾಂಟಿಕ್‌ನಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದರ ತಿರುಗಾಮುರುಗಾ ಕಂಡಿತು. ಸೋಂಕಿನ ಮೊದಲ ಹಂತದಲ್ಲಿ ಎಮಿಲಿಯಾನಿಯಾ ಕೋಶಗಳು ಅಂಟಂಟು ಸಕ್ಕರೆ ಬಿಡುತ್ತವೆ, ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಮೈಮೇಲಿನ ಸುಣ್ಣದ ತೂಕವೂ ಸೇರಿ ಆಳಕ್ಕೆ ಇಳಿಯುತ್ತವೆ. ಅಂದರೆ ವೈರಸ್ಸೇ ಇಂಗಾಲವನ್ನು ಸಮುದ್ರದ ಆಳಕ್ಕೆ ಕಳಿಸುತ್ತದೆ. ಯಾವ ಸಮುದ್ರದಲ್ಲಿ, ಯಾವ ಪಾಚಿಯಲ್ಲಿ, ಯಾವ ಹಂತದಲ್ಲಿ ಯಾವುದು ನಡೆಯುತ್ತದೆ? ಹವಾಮಾನದ ಲೆಕ್ಕ ಹಾಕುವ ಮಾದರಿಗಳಿಗೆ ಇದರ ಉತ್ತರ ಬೇಕು. ಇವತ್ತಿನ ಎಷ್ಟೋ ಪೋಸ್ಟ್‌ಡಾಕ್‌ಗಳ ಕೆಲಸ ಈ ಪ್ರಶ್ನೆಯ ಸುತ್ತಲೇ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಮಾತ್ರ ಇನ್ನೊಂದು. ಕೆಫೆಟೀರಿಯಾ ರೋನ್‌ಬರ್ಗೆನ್ಸಿಸ್ ಎಂಬ ಏಕಕೋಶ ಜೀವಿ ಸಮುದ್ರದ ತುಂಬ ಇದೆ. ಬ್ಯಾಕ್ಟೀರಿಯಾ ತಿನ್ನುವುದೇ ಅದರ ಕಸುಬು. ಅದನ್ನು ಹಿಡಿಯುವ ದೈತ್ಯ ವೈರಸ್‌ಗೆ ಕ್ರೋವ್ ಎಂದು ಹೆಸರು. ಸುಮಾರು 7.3 ಲಕ್ಷ ಅಕ್ಷರ, 544 ಜೀನ್. 2010ರಲ್ಲಿ ಮಥಿಯಾಸ್ ಫಿಶರ್ ಮತ್ತು ಸಟಲ್ ತಂಡ ಅದರ ಜೀನೋಮ್ ಪ್ರಕಟಿಸಿತು. ಮರುವರ್ಷ ಅದೇ ತಂಡ, ಕ್ರೋವ್ ಇದ್ದಲ್ಲೇ ಇರುವ ಇನ್ನೊಂದು ಪುಟ್ಟ ವೈರಸ್ ಬಗ್ಗೆ ಬರೆಯಿತು. ಹೆಸರು ಮಾವೈರಸ್. ಬರೀ 19 ಸಾವಿರ ಅಕ್ಷರ. ಇದು ತಾನಾಗಿ ಏನೂ ಮಾಡಲಾರದು. ಕ್ರೋವ್ ಕೋಶದೊಳಗೆ ತನ್ನ ಕಾರ್ಖಾನೆ ಹಾಕಿದ ಮೇಲೆ, ಅದೇ ಕಾರ್ಖಾನೆಯಲ್ಲಿ ಇದು ತನ್ನ ಮರಿಗಳನ್ನು ಮಾಡಿಸಿಕೊಳ್ಳುತ್ತದೆ. ವೈರಸ್ಸಿನ ಮೇಲೆ ಬದುಕುವ ವೈರಸ್. ಇಂಥವನ್ನು ವೈರೋಫಾಜ್ ಎನ್ನುತ್ತಾರೆ. ಮೊದಲನೆಯದು, ಸ್ಪುಟ್ನಿಕ್ ಎಂಬುದು, 2008ರಲ್ಲೇ ಗೊತ್ತಾಗಿತ್ತು.

2016ರಲ್ಲಿ ಫಿಶರ್ ಮತ್ತು ಥಾಮಸ್ ಹಾಕ್ಲ್ ಮಾಡಿದ ಪ್ರಯೋಗ ಓದಿದವರು ಮರೆಯುವುದಿಲ್ಲ. ಮಾವೈರಸ್ ತನ್ನ ಡಿಎನ್‌ಎಯನ್ನು ಕೆಫೆಟೀರಿಯಾದ ಜೀನೋಮ್‌ನೊಳಗೇ ಸೇರಿಸಿ ಕೂರಬಲ್ಲದು. ತಲೆಮಾರುಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಕ್ರೋವ್ ದಾಳಿ ಮಾಡಿದ ಕೂಡಲೇ ಎಚ್ಚರವಾಗುತ್ತದೆ. ಇಲ್ಲಿ ಒಂದು ವಿಚಿತ್ರ ಇದೆ. ದಾಳಿಗೆ ಸಿಕ್ಕ ಕೋಶ ಉಳಿಯುವುದಿಲ್ಲ, ಅದು ಸಾಯುತ್ತದೆ. ಆದರೆ ಸಾಯುವಾಗ ಮಾವೈರಸ್ ಕಣಗಳನ್ನು ನೀರಿಗೆ ಬಿಡುತ್ತದೆ. ಸುತ್ತಲಿನ ಬಳಗಕ್ಕೆ ಆ ಕಣಗಳು ಹೋಗಿ ಕ್ರೋವ್‌ನ ಉತ್ಪಾದನೆಯನ್ನು ತಗ್ಗಿಸುತ್ತವೆ, ಕೆಲವು ಸುತ್ತುಗಳಲ್ಲಿ ಇಡೀ ಗುಂಪು ಚೇತರಿಸಿಕೊಳ್ಳುತ್ತದೆ. ಮೆದುಳಿಲ್ಲ, ನರವಿಲ್ಲ, ಒಂದೇ ಕೋಶ. ಆದರೂ ತನ್ನ ವೈರಿಯ ಕಳ್ಳನನ್ನು ಮನೆಯೊಳಗೆ ಸಾಕಿಕೊಂಡಿದೆ!

ದೈತ್ಯ ವೈರಸ್‌ಗಳು ಇಷ್ಟೊಂದು ಜೀನ್ ಇಟ್ಟುಕೊಂಡು ಮಾಡುವುದಾದರೂ ಏನು? ಸಕ್ಕರೆ ಒಡೆದು ಶಕ್ತಿ ಪಡೆಯುವ ಸರಣಿಯ ಜೀನ್‌ಗಳು ಕೆಲವುಗಳಲ್ಲಿ ಇವೆ. ಬೆಳಕು ಹಿಡಿಯುವ ರೊಡಾಪ್ಸಿನ್ ಇದೆ. ಬ್ರೆಜಿಲ್‌ನಲ್ಲಿ ಸಿಕ್ಕು 2018ರಲ್ಲಿ ಪ್ರಕಟವಾದ ಟುಪಾನ್‌ವೈರಸ್‌ನಲ್ಲಿ ಪ್ರೋಟೀನ್ ಕಟ್ಟಲು ಬೇಕಾದ ಸಾಮಾನು ಎಷ್ಟೊಂದು ಇದೆಯೆಂದರೆ, ರೈಬೋಸೋಮ್ ಒಂದಿದ್ದಿದ್ದರೆ ಸಾಕಿತ್ತು ಅನ್ನಿಸುತ್ತದೆ. ಆದರೆ ಆ ರೈಬೋಸೋಮ್ ಈವರೆಗೆ ಯಾವ ವೈರಸ್‌ನಲ್ಲೂ ಸಿಕ್ಕಿಲ್ಲ. ಅದಕ್ಕಾಗಿ ಕೋಶದ ಬಾಗಿಲು ತಟ್ಟಲೇಬೇಕು. ಮಿಮಿವೈರಸ್ ಗೊತ್ತಾದ ಹೊಸತರಲ್ಲಿ, ಇವು ಜೀವಲೋಕದ ನಾಲ್ಕನೆಯ ಕವಲು ಎಂಬ ವಾದ ಜೋರಾಗಿ ನಡೆದಿತ್ತು. ಈಗ ಅದು ತಣ್ಣಗಾಗಿದೆ. ಸಣ್ಣ ವೈರಸ್‌ಗಳೇ ಕಾಲಾಂತರದಲ್ಲಿ ಆಶ್ರಯ ಕೊಟ್ಟ ಕೋಶಗಳಿಂದ ಜೀನ್ ಎತ್ತಿಕೊಂಡು ದೊಡ್ಡವಾದವು ಎನ್ನುವ ಕಡೆಗೆ ಹೆಚ್ಚಿನವರು ವಾಲಿದ್ದಾರೆ. ಪುರಾವೆ ನೋಡಿದರೆ ನನಗೂ ಅದೇ ಸರಿ ಅನ್ನಿಸುತ್ತದೆ. ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದೂ ಅಲ್ಲ. 2020ರಲ್ಲಿ ಹಸಿರು ಪಾಚಿಗಳ ಜೀನೋಮ್ ಕೆದಕಿದಾಗ, ಅದರೊಳಗೆ ಇಡೀ ದೈತ್ಯ ವೈರಸ್‌ಗಳ ಡಿಎನ್‌ಎಯೇ ಸೇರಿಕೊಂಡದ್ದು ಕಂಡಿತು.

ಈಗ ಆ ಪೋಸ್ಟ್‌ಡಾಕ್ ಹುಡುಗಿ ದಿನವಿಡೀ ಏನು ಮಾಡುತ್ತಾಳೆ ಎನ್ನುವುದಕ್ಕೆ ಬರೋಣ. ಹಡಗಿನಲ್ಲಿ ತಿಂಗಳುಗಟ್ಟಲೆ ತಿರುಗುತ್ತಾಳೆ ಎಂದು ಮನೆಯವರು ಅಂದುಕೊಂಡಿದ್ದರೆ ಸ್ವಲ್ಪ ನಿರಾಸೆಯಾದೀತು. ಹಡಗಿನ ಕೆಲಸವೂ ಇರಬಹುದು. ಪ್ರಯೋಗಾಲಯದಲ್ಲಿ ಪಾಚಿ ಬೆಳೆಸಿ, ಅದಕ್ಕೆ ವೈರಸ್ ಹಾಕಿ, ತಾಸಿಗೊಮ್ಮೆ ಮಾದರಿ ತೆಗೆಯುವ ಕೆಲಸವೂ ಇರಬಹುದು. ಆದರೆ ಈ ವಿಷಯದಲ್ಲಿ ಬಹಳಷ್ಟು ಜನ ಕೂರುವುದು ಕಂಪ್ಯೂಟರ್ ಮುಂದೆ, ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯುತ್ತಾ.

ಕೆಲಸ ಹೀಗೆ ಸಾಗುತ್ತದೆ. ಸಮುದ್ರದ ನೀರನ್ನು ಬೇರೆ ಬೇರೆ ರಂಧ್ರದ ಫಿಲ್ಟರ್‌ಗಳಲ್ಲಿ ಸೋಸುತ್ತಾರೆ. 0.2 ಮೈಕ್ರೋಮೀಟರ್ ಫಿಲ್ಟರ್ ಮೇಲೆ ಉಳಿದದ್ದನ್ನು ಈಗ ಯಾರೂ ಬರೀ ಬ್ಯಾಕ್ಟೀರಿಯಾ ಎನ್ನುವುದಿಲ್ಲ. ಅದರಲ್ಲಿನ ಎಲ್ಲ ಡಿಎನ್‌ಎಯನ್ನು ಒಟ್ಟಿಗೆ ತೆಗೆದು, ಡಿಎನ್‌ಎಯ ಅಕ್ಷರ ಓದುವ ಯಂತ್ರಕ್ಕೆ ಹಾಕುತ್ತಾರೆ. ಯಂತ್ರದಿಂದ ಬರುವುದು ಕೋಟ್ಯಂತರ ಸಣ್ಣ ತುಣುಕುಗಳು, ಸಾವಿರಾರು ಜೀವಿಗಳದ್ದು ಕಲಸಿಹೋಗಿರುತ್ತವೆ. ತುದಿಗೆ ತುದಿ ಹೊಂದುವ ತುಣುಕು ಜೋಡಿಸಿ ಉದ್ದ ಮಾಡಬೇಕು. ಆಮೇಲೆ ಯಾವ ಉದ್ದ ತುಣುಕುಗಳು ಒಂದೇ ವೈರಸ್‌ಗೆ ಸೇರಿದವು ಎಂದು ಗುಂಪು ಮಾಡಬೇಕು. ದೈತ್ಯ ವೈರಸ್ ಹೌದೋ ಅಲ್ಲವೋ ತಿಳಿಯಲು ಕೆಲವು ಗುರುತಿನ ಜೀನ್‌ಗಳಿವೆ. ಡಿಎನ್‌ಎ ನಕಲು ಮಾಡುವ ಪಾಲಿಮರೇಸ್, ಚಿಪ್ಪಿನ ಮುಖ್ಯ ಪ್ರೋಟೀನ್, ಇಂಥವು. ಅವು ಸಿಕ್ಕರೆ ವಂಶವೃಕ್ಷದಲ್ಲಿ ಎಲ್ಲಿ ಕೂರುತ್ತದೆ ಎಂದು ಹುಡುಕಬೇಕು. 2020ರಲ್ಲಿ ಇದೇ ದಾರಿಯಲ್ಲಿ ಒಂದು ತಂಡ ಜಗತ್ತಿನ ಬೇರೆ ಬೇರೆ ಕಡೆಯ ಮಾದರಿಗಳಿಂದ 2,074 ದೈತ್ಯ ವೈರಸ್ ಜೀನೋಮ್ ಎತ್ತಿತು, ಇನ್ನೊಂದು ತಂಡ 501. ಇವುಗಳಲ್ಲಿ ಒಂದನ್ನೂ ಯಾರೂ ಗಾಜಿನ ಸೀಸೆಯಲ್ಲಿ ಬೆಳೆಸಿರಲಿಲ್ಲ.

ಕಷ್ಟ ಶುರುವಾಗುವುದು ಇಲ್ಲೇ. ಎರಡು ಸಾವಿರ ವೈರಸ್ ಸಿಕ್ಕವು, ಸರಿ. ಯಾವುದು ಯಾರನ್ನು ಹಿಡಿಯುತ್ತದೆ? ಡಿಎನ್‌ಎ ಅದನ್ನು ನೇರವಾಗಿ ಹೇಳುವುದಿಲ್ಲ. ಒಂದು ದಾರಿ, ಯಾವ ವೈರಸ್ ಹೆಚ್ಚಿದಾಗ ಯಾವ ಪಾಚಿಯೂ ಅಲ್ಲೇ ಇತ್ತು ಎಂದು ಲೆಕ್ಕ ಹಾಕುವುದು. ಅದರಿಂದ ಅನುಮಾನ ಬರುತ್ತದೆ, ಖಾತ್ರಿಯಾಗುವುದಿಲ್ಲ. ಇನ್ನೊಂದು, ಒಂದೊಂದೇ ಕೋಶವನ್ನು ಬೇರ್ಪಡಿಸಿ ಅದರೊಳಗಿನ ಎಲ್ಲ ಡಿಎನ್‌ಎ ಓದುವುದು. ಕ್ಯಾಲಿಫೋರ್ನಿಯಾ ಕರಾವಳಿಯ ಹೊರಗಿನ ಪೆಸಿಫಿಕ್ ನೀರಿನಲ್ಲಿ ಹೀಗೆ ಮಾಡಿದಾಗ ಕೊಯನೊಫ್ಲಾಜಲೇಟ್ ಎಂಬ ಜೀವಿಗಳ ಒಳಗೇ ದೈತ್ಯ ವೈರಸ್ ಸಿಕ್ಕಿತು. 2019ರಲ್ಲಿ ಅದು ಪ್ರಕಟವಾಯಿತು. ಏಕಕೋಶ ಜೀವಿಗಳಲ್ಲಿ ಪ್ರಾಣಿಗಳಿಗೆ, ಅಂದರೆ ನಮಗೂ, ತೀರಾ ಹತ್ತಿರದ ನೆಂಟರು ಇವೇ.

ಪೋಸ್ಟ್‌ಡಾಕ್ ಅಂದರೆ ಓದು ಅಲ್ಲ, ನೌಕರಿಯೂ ಪೂರ್ತಿ ಅಲ್ಲ. ಪಿಎಚ್‌ಡಿ ಮುಗಿದ ಮೇಲೆ ಎರಡು ಮೂರು ವರ್ಷದ ಕರಾರಿನ ಮೇಲೆ ಬೇರೆಯವರ ಪ್ರಯೋಗಾಲಯದಲ್ಲಿ ಸಂಶೋಧನೆ. ಪಗಾರ ಬರುತ್ತದೆ, ಕಾಯಂ ಆಗುವುದಿಲ್ಲ. ಮುಂದೆ ತನ್ನದೇ ಪ್ರಯೋಗಾಲಯ ಕಟ್ಟಬೇಕೆನ್ನುವವರು ದಾಟಲೇಬೇಕಾದ ಹಂತ. "ಪರ್ಮನೆಂಟ್ ಯಾವಾಗ?" ಎಂದು ಹಬ್ಬಕ್ಕೊಮ್ಮೆ ಕೇಳುವುದನ್ನು ನೆಂಟರು ಬಿಟ್ಟರೆ ಒಳ್ಳೆಯದು.

ಕರಾವಳಿ ಇಲ್ಲದ ಧಾರವಾಡಕ್ಕೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲೇ. ಅಲ್ಲಿಂದ ಮೇಲಕ್ಕೆ ಹೋದರೆ ಗೋವಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ. ಮುಂಗಾರಿನಲ್ಲಿ ನಮ್ಮ ಕರಾವಳಿಗುಂಟ ಆಳದ ತಣ್ಣನೆಯ ನೀರು ಗೊಬ್ಬರದ ಅಂಶ ಹೊತ್ತು ಮೇಲೆ ಬರುತ್ತದೆ, ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದು ಸತ್ತು ಕೊಳೆಯುವಾಗ ಕೆಳಗಿನ ನೀರಿನ ಆಮ್ಲಜನಕ ತೀರುತ್ತದೆ. ಅರಬ್ಬೀ ಸಮುದ್ರದ ಆಮ್ಲಜನಕ ಕಡಿಮೆಯ ಪದರ ಜಗತ್ತಿನ ದೊಡ್ಡವುಗಳಲ್ಲಿ ಒಂದು. ಆ ಪಾಚಿಯಲ್ಲಿ ಎಷ್ಟು ಪಾಲು ವೈರಸ್‌ನಿಂದ ಸಾಯುತ್ತದೆ ಎನ್ನುವುದು ಇಲ್ಲಿನವರೇ ಕೇಳಬೇಕಾದ ಪ್ರಶ್ನೆ ಅಂತ ನನ್ನ ಅಭಿಪ್ರಾಯ.

ಸಮುದ್ರದವರೆಗೆ ಹೋಗಲೇಬೇಕೆಂದೂ ಇಲ್ಲ. ಐಐಟಿ ಬಾಂಬೆ ತಂಡ ಮುಂಬೈನ ನೀರಿನಲ್ಲೇ ಹುಡುಕಿ ಮಿಮಿವೈರಸ್ ಬಾಂಬೆ, ಪವಾಯಿ ಲೇಕ್ ಮೆಗಾವೈರಸ್, ಕುರ್ಲಾವೈರಸ್ ಎಂದೆಲ್ಲ ಹೆಸರಿಟ್ಟಿದೆ. ಹಸಿರುಗಟ್ಟಿದ ಉಣಕಲ್ ಕೆರೆಯಲ್ಲೋ ಕೆಲಗೇರಿ ಕೆರೆಯಲ್ಲೋ ಹುಡುಕಿದರೆ ಸಿಗದಿದ್ದರೇ ನನಗೆ ಆಶ್ಚರ್ಯ.

ಹಡಗು, ಯಂತ್ರ, ಫ್ರೀಜರ್ ಯಾವುದೂ ಇಲ್ಲದ ಎಂಎಸ್ಸಿ ವಿದ್ಯಾರ್ಥಿಯೂ ಶುರುಮಾಡಬಹುದು. ತಾರಾ ಎಂಬ ಫ್ರೆಂಚ್ ಹಾಯಿಹಡಗು 2009ರಿಂದ 2013ರವರೆಗೆ ಸಾಗರಗಳನ್ನು ಸುತ್ತಿ ನೀರು ಸಂಗ್ರಹಿಸಿತು. 2010ರಲ್ಲಿ ಅರಬ್ಬೀ ಸಮುದ್ರದಿಂದಲೂ ತೆಗೆದುಕೊಂಡು ಹೋಯಿತು. ಅದರ ಡಿಎನ್‌ಎ ದತ್ತಾಂಶ ಯುರೋಪಿನ ಸಾರ್ವಜನಿಕ ಭಂಡಾರದಲ್ಲಿ ಪುಕ್ಕಟೆ ಸಿಗುತ್ತದೆ. ದೈತ್ಯ ವೈರಸ್ ಗುರುತಿಸುವ ವೈರಲ್‌ರೀಕಾಲ್‌ನಂಥ ತಂತ್ರಾಂಶವೂ ಪುಕ್ಕಟೆ. ಲಿನಕ್ಸ್, ಸ್ವಲ್ಪ ಪೈಥಾನ್ ಬಂದರೆ ಸಾಕು. ಒಂದೇ ಎಚ್ಚರಿಕೆ. ಕಚ್ಚಾ ಫೈಲುಗಳಿಗೆ ಕೈ ಹಾಕಬೇಡಿ, ಲ್ಯಾಪ್‌ಟಾಪ್ ಅಲ್ಲೇ ಕೂತುಬಿಡುತ್ತದೆ. ಜೋಡಿಸಿಟ್ಟ ಉದ್ದ ತುಣುಕುಗಳ ಫೈಲ್ ಬೇರೆ ಇರುತ್ತದೆ, ಒಂದೇ ಒಂದು ಜಾಗದ್ದನ್ನು ಮೊದಲು ಇಳಿಸಿಕೊಳ್ಳಿ. ಅದನ್ನೂ ಕಾಲೇಜಿನ ನೆಟ್‌ನಲ್ಲಿ ರಾತ್ರಿ ಹಾಕಿಟ್ಟು ಹೋಗುವುದು ಲೇಸು.